ಹೋಟೆಲಿನವರ ದಣಿವು ಮತ್ತು ದಿನನಿತ್ಯದ ಕೆಲವು ಉಪಾಯಗಳು



ನಮ್ಮ ಪತ್ರಿಕೆಯಲ್ಲಿ ಲೈಸನ್ಸು, ಜಿಎಸ್‌ಟಿ, ಗ್ಯಾಸಿನ ದರ, ಕೆಲಸದವರ ಕೊರತೆ ಇವುಗಳ ಬಗ್ಗೆ ಆಗಾಗ ಲೇಖನಗಳು ಬರುತ್ತಿರುತ್ತವೆ. ಬರಬೇಕಾದದ್ದೇ. ಆದರೆ ಇವನ್ನೆಲ್ಲ ನಿಭಾಯಿಸುವ ಮನುಷ್ಯನ ಮೈಯ ಬಗ್ಗೆ ನಾವು ಬರೆಯುವುದೂ ಕಡಿಮೆ, ಮಾತಾಡುವುದೂ ಕಡಿಮೆ. ಗ್ರೈಂಡರಿಗೆ ಹೊತ್ತುಹೊತ್ತಿಗೆ ಸರ್ವಿಸಿಂಗ್ ಮಾಡಿಸುತ್ತೇವೆ. ಫ್ರಿಜ್ಜಿನ ಕಂಪ್ರೆಸರ್ ಸದ್ದು ಸ್ವಲ್ಪ ಬದಲಾದರೂ ಆ ದಿನವೇ ಮೆಕ್ಯಾನಿಕನಿಗೆ ಫೋನು ಹೋಗುತ್ತದೆ. ಗಲ್ಲಾದಲ್ಲಿ ಕೂತ ನಮಗೇ ಮಧ್ಯಾಹ್ನದ ಮೇಲೆ ಕಣ್ಣು ಮಂಜಾದರೆ ಮಾತ್ರ "ಒಂದು ಸ್ಪೆಷಲ್ ಚಹಾ ತಾ ಮಾರಾಯ" ಎಂದು ಹೇಳಿ ಮುಗಿಸುತ್ತೇವೆ.

ಮುಂಬಯಿಯ ಹೋಟೆಲಿನವರ ದಿನ ಹೇಗಿರುತ್ತದೆ ಎಂದು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹಾಲು, ಇಡ್ಲಿ, ಸಾಂಬಾರು. ವಾರಕ್ಕೆ ಎರಡು ಸಲ ವಾಶಿ ಮಾರ್ಕೆಟ್ಟು. ಎಂಟರಿಂದ ಹತ್ತೂವರೆಯವರೆಗೆ ಆಫೀಸಿಗೆ ಹೋಗುವವರ ಗಡಿಬಿಡಿ, ಹನ್ನೆರಡರಿಂದ ಮೂರರವರೆಗೆ ಊಟದ ಗಿರಾಕಿ. ಆಮೇಲೆ ಒಂದು ಗಂಟೆ ಖಾಲಿ. ಆ ಖಾಲಿ ಹೊತ್ತಿನಲ್ಲೇ ಮೈ ಸೋತುಹೋಗುತ್ತದೆ. ಸಂಜೆಯ ವ್ಯಾಪಾರ ಶುರುವಾಗುವಾಗ ನಾವು ಅರ್ಧ ಮನುಷ್ಯರಾಗಿರುತ್ತೇವೆ. ಆ ಹೊತ್ತಿನಲ್ಲಿ ಏನೇನು ಆಗುತ್ತದೆ ಎಂದು ಸ್ವಲ್ಪ ನೆನಪಿಸಿಕೊಳ್ಳಿ. ಚಿಲ್ಲರೆ ಎಣಿಕೆ ತಪ್ಪುತ್ತದೆ. ಪಾರ್ಸೆಲಿನಲ್ಲಿ ಚಟ್ನಿ ಉಳಿದುಹೋಗುತ್ತದೆ. ಇಪ್ಪತ್ತು ವರ್ಷದ ಗಿರಾಕಿಯೊಡನೆ ಎರಡು ರೂಪಾಯಿಗೆ ಮಾತಿಗೆ ಮಾತು ಬೆಳೆಯುತ್ತದೆ. ಒಳಗೆ ಹುಡುಗನ ಕೈ ಎಣ್ಣೆಯ ಬಾಣಲೆಗೆ ತಾಗುತ್ತದೆ. ಇವೆಲ್ಲ ದಣಿವಿನ ಲೆಕ್ಕಕ್ಕೇ ಸೇರಬೇಕಾದ ನಷ್ಟಗಳು. ಆದರೆ ಯಾವ ಖಾತೆ ಪುಸ್ತಕದಲ್ಲೂ ಅವು ಬರುವುದಿಲ್ಲ.

ದಣಿವಿನಲ್ಲಿ ಮೂರು ಬಗೆ ಇದೆ ಎಂದು ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು. ಒಂದು, ನಿಜವಾಗಿ ಕೆಲಸ ಹೆಚ್ಚಾಗಿ ಬರುವ ದಣಿವು. ನಮ್ಮ ಲೈನಿನಲ್ಲಿ ಅದನ್ನು ಪೂರ್ತಿ ತಪ್ಪಿಸಲು ಸಾಧ್ಯವಿಲ್ಲ. ಎರಡನೆಯದು, ಊಟ, ನೀರು, ಚಹಾ, ನಿದ್ರೆ ಇವುಗಳ ಕ್ರಮ ತಪ್ಪಿ ಬರುವ ದಣಿವು. ಇದನ್ನು ಹೆಚ್ಚು ಖರ್ಚಿಲ್ಲದೆ ಸರಿಮಾಡಬಹುದು. ಮೂರನೆಯದು ರೋಗದ ದಣಿವು. ಇದಕ್ಕೆ ರಕ್ತ ಪರೀಕ್ಷೆ ಮಾಡಿಸದೆ ಬೇರೆ ದಾರಿಯಿಲ್ಲ. ನಾವು ಮೂರನ್ನೂ ಒಂದೇ ಚೀಲಕ್ಕೆ ತುಂಬಿ "ಹೋಟೆಲು ಅಂದ ಮೇಲೆ ಇದೆಲ್ಲ ಇದ್ದದ್ದೇ" ಎಂದು ಹೇಳಿಬಿಡುತ್ತೇವೆ.

ನಮ್ಮ ಪರಿಚಯದ ಒಬ್ಬ ಮಾಲೀಕರು ಎರಡು ವರ್ಷ ಹೀಗೆಯೇ ಹೇಳುತ್ತಿದ್ದರು. ವಯಸ್ಸು ಐವತ್ತೆರಡು. ಮಧ್ಯಾಹ್ನ ಊಟವಾದ ಕೂಡಲೇ ಗಲ್ಲಾದಲ್ಲೇ ತೂಕಡಿಕೆ, ರಾತ್ರಿ ನಾಲ್ಕು ಸಲ ಎದ್ದು ಹೋಗುವುದು, ಕಾಲಿನ ಬೆರಳು ಜುಮುಜುಮು. ಊರಿನಿಂದ ಲೇಹ್ಯ ತರಿಸಿ ತಿಂದರು, ಟಾನಿಕ್ ಕುಡಿದರು. ಒಂದು ಆರೋಗ್ಯ ಶಿಬಿರದಲ್ಲಿ ಬೇರೆಯವರ ಜೊತೆ ತಮಾಷೆಗೆ ಬೆರಳು ಚುಚ್ಚಿಸಿಕೊಂಡಾಗ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಆಗಲೇ ಕಾಲಿನ ನರಗಳಿಗೆ ಪೆಟ್ಟು ಬಿದ್ದಾಗಿತ್ತು. ಈಗ ಔಷಧಿ ತೆಗೆದುಕೊಂಡು, ಊಟದ ಕ್ರಮ ಹಿಡಿದು, ಹೋಟೆಲು ನಡೆಸುತ್ತಿದ್ದಾರೆ. ಆದರೆ ಕಾಲಿನ ಸ್ಪರ್ಶ ಪೂರ್ತಿ ವಾಪಸು ಬರಲಿಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಈ ಕಾಯಿಲೆ ಇದೆ. ದಿನವಿಡೀ ಸಿಹಿ ಚಹಾ, ಅನ್ನ, ಮೈದಾದ ನಡುವೆ ಕೂತಿರುವ ನಾವು ಆ ಲೆಕ್ಕದ ಹೊರಗೆ ಇರಲು ಸಾಧ್ಯವೇ?

ಚಹಾದ ಲೆಕ್ಕ

ಚಹಾ ಕುಡಿದರೆ ಶಕ್ತಿ ಬರುತ್ತದೆ ಎಂಬುದು ನಾವೇ ಗಿರಾಕಿಗಳಿಗೆ ಹೇಳಿಕೊಟ್ಟ ಪಾಠ. ಅದರೊಳಗೆ ನಡೆಯುವುದು ಏನೆಂದು ನಮ್ಮ ಭಾಷೆಯಲ್ಲೇ ಹೇಳುತ್ತೇವೆ. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮೆದುಳಿನಲ್ಲಿ ಅಡೆನೊಸಿನ್ ಎಂಬ ಒಂದು ವಸ್ತು ಸೇರುತ್ತಾ ಹೋಗುತ್ತದೆ. ಅದು ತನ್ನ ಜಾಗದಲ್ಲಿ ಬಂದು ಕೂತಾಗ ನಮಗೆ ನಿದ್ರೆ, ಆಯಾಸ ತಿಳಿಯುತ್ತದೆ. ಚಹಾ ಕಾಫಿಯಲ್ಲಿರುವ ಕೆಫೀನ್ ಆ ಜಾಗದಲ್ಲಿ ತಾನು ಹೋಗಿ ಕೂತುಬಿಡುತ್ತದೆ. ರಿಸರ್ವ್ ಮಾಡಿದ ಟೇಬಲಿನಲ್ಲಿ ಬೇರೆ ಯಾರೋ ಕೂತ ಹಾಗೆ. ಬಂದ ಗಿರಾಕಿಗಳು ಹೊರಗೆ ಸಾಲಾಗಿ ನಿಂತಿರುತ್ತಾರೆ. ಕೆಫೀನ್ ಎದ್ದು ಹೋದ ಕೂಡಲೇ ಎಲ್ಲರೂ ಒಟ್ಟಿಗೆ ಒಳಗೆ ನುಗ್ಗುತ್ತಾರೆ. ಚಹಾದ ಪ್ರಭಾವ ಇಳಿದ ಮೇಲೆ ಮತ್ತೆ ಸುಸ್ತಾಗುವುದಕ್ಕೆ ಇದೂ ಒಂದು ಕಾರಣ. ಅಂದರೆ ಚಹಾ ಶಕ್ತಿ ಕೊಡುವುದಿಲ್ಲ, ದಣಿವಿನ ಬಿಲ್ಲನ್ನು ಮುಂದೆ ಹಾಕುತ್ತದೆ ಅಷ್ಟೆ.

ಐಸಿಎಂಆರ್‌ನವರ ಹೈದರಾಬಾದಿನ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಆಹಾರದ ಬಗ್ಗೆ ಸೂಚನೆಗಳ ಪುಸ್ತಕ ಹೊರತಂದಿದೆ. ಅದರಲ್ಲಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ದಾಟಬಾರದು ಎಂದಿದೆ. 150 ಮಿಲಿ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ, ಅಷ್ಟೇ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಇರುತ್ತದೆ. ಹಾಗಾದರೆ ಫಿಲ್ಟರ್ ಕಾಫಿ ಮೂರು ಕುಡಿದರೆ ದಿನದ ಕೋಟಾ ಮುಗಿಯಿತು. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ಆದಮೇಲೆ ಚಹಾ ಕಾಫಿ ಬೇಡ ಎಂದೂ ಅದರಲ್ಲೇ ಹೇಳಿದೆ. ಏಕೆಂದರೆ ಚಹಾದ ಒಗರು ಊಟದಲ್ಲಿರುವ ಕಬ್ಬಿಣದ ಅಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಊಟದ ಹಿಂದೆಯೇ ಚಹಾ ಕುಡಿಯುವ ಅಭ್ಯಾಸ ನಮ್ಮವರಲ್ಲಿ ಬಹಳ ಇದೆ. ಅದನ್ನು ಒಂದು ಗಂಟೆ ತಳ್ಳಿದರೆ ಸಾಕು. ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಚಹಾ ಬಿಡಿ ಎಂದು ಹೋಟೆಲಿನವರೇ ಬರೆದರೆ ಸಂಘದಿಂದ ಹೊರಗೆ ಹಾಕಿಯಾರು!

ಕೆಫೀನಿಗಿಂತ ನಮಗೆ ಹೆಚ್ಚು ಹೆದರಿಕೆ ಇರಬೇಕಾದದ್ದು ಸಕ್ಕರೆಯ ವಿಷಯದಲ್ಲಿ. ಒಂದು ಕಟಿಂಗ್ ಚಹಾಕ್ಕೆ ಒಂದು ಚಮಚ ಸಕ್ಕರೆ ಎಂದರೂ ಸುಮಾರು 5 ಗ್ರಾಂ. ಡಿಸ್ಟ್ರಿಬ್ಯೂಟರ್ ಬಂದರೆ ಒಂದು, ಊರಿನವರು ಬಂದರೆ ಒಂದು, ಬೇಸರಕ್ಕೆ ಒಂದು ಎಂದು ದಿನಕ್ಕೆ ಹತ್ತು ಕಟಿಂಗ್ ಆಯಿತು ಎನ್ನಿ. 50 ಗ್ರಾಂ ಸಕ್ಕರೆ. ಜಾಗತಿಕ ಆರೋಗ್ಯ ಸಂಸ್ಥೆ ಇಡೀ ದಿನದ ಎಲ್ಲ ತಿನಿಸು ಪಾನೀಯ ಸೇರಿಸಿ ಹಾಕಿದ ಮಿತಿಯೇ ಹೆಚ್ಚುಕಡಿಮೆ ಅಷ್ಟು. 25 ಗ್ರಾಮಿನೊಳಗೆ ಇದ್ದರೆ ಇನ್ನೂ ಒಳ್ಳೆಯದು ಎನ್ನುತ್ತಾರೆ. ನಾವು ಅದನ್ನು ಬರೀ ಚಹಾದಲ್ಲಿ ಮುಗಿಸಿ, ಮೇಲಿಂದ ಕೇಸರಿಬಾತಿನ ರುಚಿ ನೋಡುತ್ತೇವೆ. ನಮ್ಮ ಹೋಟೆಲಿನಲ್ಲಿ ನಾವು ಮಾಡಿಕೊಂಡ ಏರ್ಪಾಡು ಸುಲಭದ್ದು. ಬೆಳಿಗ್ಗೆ ಒಂದು, ಹನ್ನೊಂದಕ್ಕೆ ಒಂದು, ನಾಲ್ಕಕ್ಕೆ ಒಂದು. ಮೂರೂ ಚಹಾ ಅರ್ಧ ಚಮಚ ಸಕ್ಕರೆಯಲ್ಲಿ. ಬಂದವರ ಜೊತೆ ಕೂತು ಕುಡಿಯಲೇಬೇಕಾದಾಗ ಜೀರಿಗೆ ಕಷಾಯ, ಸಕ್ಕರೆ ಹಾಕದ ಪುನರ್ಪುಳಿ ನೀರು ಅಥವಾ ಬರೀ ಬಿಸಿನೀರು. ಮೊದಲ ವಾರ ತಲೆನೋವು ಬರುತ್ತದೆ. ಒಮ್ಮೆಗೇ ನಿಲ್ಲಿಸದೆ ದಿನಕ್ಕೊಂದು ಕಟಿಂಗ್ ಕಡಿಮೆ ಮಾಡುತ್ತಾ ಬಂದರೆ ಅದೂ ಬರುವುದಿಲ್ಲ.

ಸಂಜೆ ಐದರ ಮೇಲೆ ಕುಡಿದ ಚಹಾ ರಾತ್ರಿ ನಿದ್ರೆಯಲ್ಲಿ ಪಾಲು ಕೇಳುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಇಳಿಯುವುದಕ್ಕೇ ಸಾಧಾರಣವಾಗಿ ಐದು ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ಕುಡಿದವರು ಒಂದು ಗಂಟೆಗೆ ಮಲಗಿ ಸೀಲಿಂಗ್ ನೋಡುತ್ತಿದ್ದರೆ ಆಶ್ಚರ್ಯವಿಲ್ಲ.

ಬಡಿಸುವವರ ಊಟ

ದಿನಕ್ಕೆ ನಾನೂರು ಜನಕ್ಕೆ ಹೊತ್ತಿಗೆ ಸರಿಯಾಗಿ ಊಟ ಹಾಕುವ ನಾವು ನಮ್ಮ ಊಟವನ್ನು ಮೂರೂವರೆಗೆ, ನಾಲ್ಕಕ್ಕೆ ಮಾಡುತ್ತೇವೆ. ಅದೂ ಉಳಿದ ಅನ್ನ, ಉಳಿದ ಸಾಂಬಾರು, ಒಂದು ಹಪ್ಪಳ. ಬೆಳಿಗ್ಗೆಯಿಂದ ಅಲ್ಲಿಯವರೆಗೆ ಹೊಟ್ಟೆಗೆ ಹೋದದ್ದು ನಿಂತಲ್ಲೇ ತಿಂದ ಒಂದು ಉದ್ದಿನ ವಡೆ, ಬೋಂಡದ ಚೂರು, ನಾಲ್ಕು ಚಹಾ. ಹಸಿದ ಹೊಟ್ಟೆಗೆ ಒಮ್ಮೆಲೇ ದೊಡ್ಡ ಅನ್ನದ ರಾಶಿ ಬಿದ್ದರೆ ರಕ್ತದಲ್ಲಿ ಸಕ್ಕರೆ ಸರಕ್ಕನೆ ಏರುತ್ತದೆ, ಅನೇಕರಲ್ಲಿ ಸ್ವಲ್ಪ ಹೊತ್ತಿನಲ್ಲಿ ಇಳಿದೂ ಬಿಡುತ್ತದೆ. ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ ಮೈಯ ಗಡಿಯಾರವೇ ಸ್ವಲ್ಪ ನಿಧಾನವಾಗುವ ಸ್ವಭಾವ ಇದೆ. ಎರಡೂ ಒಟ್ಟಿಗೆ ಸೇರಿದಾಗ ಎಂತಹ ಗಟ್ಟಿಗನೂ ತೂಕಡಿಸುತ್ತಾನೆ.

ಇದಕ್ಕೆ ನಾವು ಕಂಡುಕೊಂಡ ಉತ್ತರವೆಂದರೆ, ಗಿರಾಕಿಗಳಿಗಿಂತ ಮೊದಲು ನಾವು ಉಣ್ಣುವುದು. ಹನ್ನೊಂದೂವರೆಗೆ ಅಡುಗೆ ತಯಾರಾಗಿರುತ್ತದೆ. ಮಾಲೀಕರು, ಭಟ್ಟರು, ಸಪ್ಲೈಯರುಗಳು ಎರಡು ಸರದಿಯಲ್ಲಿ ಹದಿನೈದು ಹದಿನೈದು ನಿಮಿಷ ಕೂತು ಊಟ ಮಾಡಿದರೆ ಹನ್ನೆರಡಕ್ಕೆ ಎಲ್ಲರೂ ಕೆಲಸಕ್ಕೆ ನಿಂತಿರುತ್ತಾರೆ. ಮೊದಲು ಮಾಲೀಕ ಉಂಡರೆ ಜನ ಏನೆನ್ನುತ್ತಾರೋ ಎಂಬ ಸಂಕೋಚ ಹಳಬರಲ್ಲಿ ಇದೆ. ರುಚಿ ನೋಡಿದ ಹಾಗೂ ಆಯಿತಲ್ಲ? ಸಾಂಬಾರಿಗೆ ಉಪ್ಪು ಹೆಚ್ಚಾದದ್ದು ಗಿರಾಕಿ ಹೇಳುವ ಮೊದಲು ನಮಗೇ ಗೊತ್ತಾಗುತ್ತದೆ.

ಏನು ಉಣ್ಣಬೇಕು ಎಂಬುದಕ್ಕೆ ಹೊಸ ಸಾಮಾನು ತರಬೇಕಾಗಿಲ್ಲ. ನಮ್ಮ ಅಡುಗೆಯಲ್ಲಿ ಅಕ್ಕಿಗೆ ಬರವಿಲ್ಲ, ಕಡಿಮೆ ಬೀಳುವುದು ಪ್ರೋಟೀನು. 65 ಕೆ.ಜಿ. ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ ಬೇಕೆಂದು ಐಸಿಎಂಆರ್ 2020ರಲ್ಲಿ ನಿಗದಿ ಮಾಡಿದೆ. ಒಂದು ಇಡ್ಲಿಯಲ್ಲಿ ಇರುವುದು ಸುಮಾರು 2 ಗ್ರಾಂ. ಹೋಟೆಲು ಸಾಂಬಾರಿನಲ್ಲಿ ಬೇಳೆ ಎಷ್ಟಿರುತ್ತದೆ ಎಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು! ಆದುದರಿಂದ ನಮ್ಮ ತಟ್ಟೆಗೆ ಸಾಂಬಾರಿನ ತಿಳಿ ಬಿಟ್ಟು ಅಡಿಯ ಗಟ್ಟಿ ಹಾಕಿಸಿಕೊಳ್ಳಬೇಕು. ಮಿಸಳಿಗೆಂದು ಮೊಳಕೆ ಬರಿಸಿದ ಮಟಕಿ, ಹೆಸರುಕಾಳು ಇದ್ದೇ ಇರುತ್ತದೆ. ಒಂದು ಬಟ್ಟಲು ಉಸಳಿ ಪಕ್ಕಕ್ಕೆ ತೆಗೆದಿಡಬೇಕು. ಒಂದು ಹಿಡಿ ನೆಲಗಡಲೆಯಲ್ಲಿ, ಅಂದರೆ 30 ಗ್ರಾಮಿನಲ್ಲಿ, 7 ಗ್ರಾಂ ಪ್ರೋಟೀನು ಸಿಗುತ್ತದೆ. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಯಲ್ಲಿ 6 ಗ್ರಾಂ. ತಟ್ಟೆಯಲ್ಲಿ ಮೊದಲು ಪಲ್ಯ, ಕಾಳು, ಆಮೇಲೆ ಅನ್ನ ತಿಂದರೆ ರಕ್ತದ ಸಕ್ಕರೆ ಅಷ್ಟು ಜೋರಾಗಿ ಏರುವುದಿಲ್ಲ ಎಂಬುದೂ ಪರೀಕ್ಷೆಗಳಲ್ಲಿ ಕಂಡಿದೆ. ನಮ್ಮ ಊರಿನ ಎಲೆ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲು ಬಡಿಸುವ ಪದ್ಧತಿ ಇದಕ್ಕೆ ಸರಿಯಾಗಿಯೇ ಇದೆ. ಅನ್ನ ಬರುವವರೆಗೆ ಕೈಕಟ್ಟಿ ಕಾಯದೆ ಅದನ್ನು ತಿನ್ನಬೇಕು ಅಷ್ಟೆ.

ನಾಲ್ಕು ಗಂಟೆಯ ಹಸಿವಿಗೆ ಬಜ್ಜಿಯ ಬದಲು ಹುರಿಗಡಲೆ, ಒಂದು ಬಾಳೆಹಣ್ಣು, ಮಜ್ಜಿಗೆ. ರಾತ್ರಿ ಹೋಟೆಲು ಮುಚ್ಚಿ ಹನ್ನೆರಡು ಗಂಟೆಗೆ ಹೊಟ್ಟೆ ತುಂಬ ಉಣ್ಣುವುದು ನಮ್ಮ ಲೈನಿನ ದೊಡ್ಡ ಶತ್ರು. ಎಂಟೂವರೆ ಸುಮಾರಿಗೆ ಎರಡು ಚಪಾತಿ ಬಾಜಿ ಮುಗಿಸಿ, ಮನೆಗೆ ಹೋದಮೇಲೆ ಹಸಿವಾದರೆ ಅರ್ಧ ಬಟ್ಟಲು ಕುಚ್ಚಲಕ್ಕಿ ಗಂಜಿ ಅಥವಾ ಒಂದು ಲೋಟ ಹಾಲು. ಮನೆಯಲ್ಲಿ ಕಾದು ಕೂತವರಿಗೆ ಸ್ವಲ್ಪ ಬೇಸರವಾದೀತು. ಒಂದು ವಾರ ಮೊದಲೇ ಹೇಳಿ ಒಪ್ಪಿಸಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಊಟದ ಹೊತ್ತು ಬದಲಿಸುವ ಮೊದಲು ಡಾಕ್ಟರನ್ನು ಕೇಳಿಯೇ ಬದಲಿಸಬೇಕು.

ನೀರು ಮತ್ತು ಸೆಕೆ

ಮುಂಬಯಿಯ ಸಣ್ಣ ಹೋಟೆಲುಗಳಲ್ಲಿ ನೀರು ಕುಡಿಯದಿರುವುದಕ್ಕೆ ಒಂದು ಕಾರಣವಿದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೀರು ಕುಡಿದರೆ ಮೂತ್ರಕ್ಕೆ ಹೋಗಬೇಕು. ಗಲ್ಲಾ ಬಿಟ್ಟು ಏಳುವಂತಿಲ್ಲ, ಅನೇಕ ಕಡೆ ಒಳಗೆ ಜಾಗವೂ ಇಲ್ಲ. ಹುಡುಗರು ಪಕ್ಕದ ಗಲ್ಲಿಯ ಸುಲಭ್‌ಗೆ ಓಡಬೇಕು. ಹಾಗಾಗಿ ಮಧ್ಯಾಹ್ನದವರೆಗೆ ಬಾಯಿ ಒಣಗಿಸಿಕೊಂಡೇ ಕೆಲಸ. ಮೈತೂಕದ ನೂರಕ್ಕೆ ಎರಡರಷ್ಟು ನೀರು ಕಡಿಮೆಯಾದರೆ ಸಾಕು, ಗಮನ ಮತ್ತು ಕೆಲಸದ ವೇಗ ಎರಡೂ ಇಳಿಯುತ್ತವೆ. ದೋಸೆ ಕಲ್ಲಿನ ಎದುರು ಮೇ ತಿಂಗಳಿನಲ್ಲಿ ನಿಂತವನ ಬೆವರಿನಲ್ಲಿ ಅಷ್ಟು ನೀರು ಹೋಗಲು ಹೆಚ್ಚು ಹೊತ್ತು ಬೇಡ. ಆಗ ಬರುವ ತಲೆನೋವಿಗೂ ಸಿಡುಕಿಗೂ ನಾವು ಚಹಾ ಕೊಡುತ್ತೇವೆ.

ಮೂತ್ರದ ಬಣ್ಣ ತಿಳಿ ಹಳದಿ ಇದ್ದರೆ ನೀರು ಸಾಕಾಗಿದೆ, ಗಾಢವಾಗಿದ್ದರೆ ಸಾಲದು. ಇದಕ್ಕಿಂತ ಸುಲಭದ ಅಳತೆ ಇಲ್ಲ. ಗಲ್ಲಾದ ಕೆಳಗೆ ಒಂದು ಲೀಟರಿನ ಬಾಟಲಿ ಇಟ್ಟು ಹನ್ನೆರಡರೊಳಗೆ ಒಂದು, ಸಂಜೆ ಆರರೊಳಗೆ ಇನ್ನೊಂದು ಖಾಲಿ ಮಾಡುವುದು ಒಳ್ಳೆಯ ಕ್ರಮ. ಒಳಗಿನವರಿಗೆ ಒಂದು ದೊಡ್ಡ ಪಾತ್ರೆಯಲ್ಲಿ ನೀರು ಮಜ್ಜಿಗೆ, ಸ್ವಲ್ಪ ಉಪ್ಪು, ಶುಂಠಿ, ಕರಿಬೇವು ಹಾಕಿ ಕೈಗೆ ಸಿಗುವ ಜಾಗದಲ್ಲಿ ಇಡಬೇಕು. ಕೇಳಿ ಕುಡಿಯಬೇಕಾದರೆ ಹುಡುಗರು ಕುಡಿಯುವುದಿಲ್ಲ. ಬಿ.ಪಿ. ಇರುವವರು ಉಪ್ಪಿಲ್ಲದ್ದು ಕುಡಿಯಲಿ. ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದವರಿಗೆ ನೀರಿನ ಲೆಕ್ಕ ಡಾಕ್ಟರು ಹೇಳಿದಷ್ಟೇ. ಸೆಕೆಗೆ ತಲೆ ತಿರುಗಿ ಬಿದ್ದವನನ್ನು ಕೂಡಲೇ ಗಾಳಿಯಾಡುವಲ್ಲಿ ಮಲಗಿಸಿ, ಪೂರ್ಣ ಎಚ್ಚರವಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕೊಡಬೇಕು. ಮಾತು ತೊದಲಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ತಣ್ಣೀರು ಸುರಿದು ಮೈ ತಂಪು ಮಾಡುತ್ತಲೇ ಆಸ್ಪತ್ರೆಗೆ ಒಯ್ಯಬೇಕು.

ಎಕ್ಸಾಸ್ಟ್ ಫ್ಯಾನಿನ ಜಿಡ್ಡು ತೆಗೆಸುವುದೂ ಶಕ್ತಿಯ ವಿಷಯವೇ. ಗಾಳಿಯಾಡದ ಕಿಚನಿನಲ್ಲಿ ಗ್ಯಾಸು, ಇದ್ದಲು ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಸೇರುತ್ತದೆ. ಅದಕ್ಕೆ ವಾಸನೆಯಿಲ್ಲ. ಒಳಗಿನವರಿಗೆಲ್ಲ ಒಟ್ಟಿಗೆ ತಲೆನೋವು, ಮಂಕು ಬಂದು, ಹೊರಗೆ ಬಂದಾಗ ಸರಿಹೋಗುತ್ತಿದ್ದರೆ ಅದು ಸೋಮಾರಿತನ ಅಲ್ಲ. ಬರ್ನರ್ ಮತ್ತು ಫ್ಯಾನ್ ಆ ದಿನವೇ ನೋಡಿಸಬೇಕು.

ನಿದ್ರೆಯ ಸಾಲ

ದೊಡ್ಡವರಿಗೆ ಏಳು ಗಂಟೆ ನಿದ್ರೆ ಬೇಕು ಎಂದು ಡಾಕ್ಟರರು ಹೇಳಿದಾಗ ನಮಗೆ ನಗು ಬರುತ್ತದೆ. ಒಂದು ಗಂಟೆಗೆ ಮಲಗಿ ನಾಲ್ಕೂವರೆಗೆ ಎದ್ದರೆ ಮೂರೂವರೆ ಗಂಟೆ. ವರ್ಷಗಟ್ಟಲೆ ಹೀಗೆ ನಡೆದರೆ ಬಿ.ಪಿ., ಸಕ್ಕರೆ, ಹೃದಯ ಎಲ್ಲದಕ್ಕೂ ಬಾಧಕವೇ. ಬೆಳಗಿನ ಪಾಳಿ ಮತ್ತು ರಾತ್ರಿಯ ಪಾಳಿ ಎರಡನ್ನೂ ಒಬ್ಬನೇ ಹಿಡಿದುಕೊಳ್ಳುವ ಹಟ ನಮ್ಮಲ್ಲಿ ಬಹಳ. ಗಲ್ಲಾ ಬೇರೆಯವರ ಕೈಗೆ ಕೊಡಲು ಮನಸ್ಸಿಲ್ಲ. ಈಗ ಬಿಲ್ಲೆಲ್ಲ ಕಂಪ್ಯೂಟರಿನಲ್ಲಿ, ಹಣ ಬಹುಪಾಲು ಯುಪಿಐಯಲ್ಲಿ ಬರುತ್ತಿರುವಾಗ ಆ ಹಳೆಯ ಹೆದರಿಕೆಗೆ ಅಷ್ಟು ಕಾರಣ ಉಳಿದಿಲ್ಲ. ತಮ್ಮನೋ ಅಳಿಯನೋ ನಂಬಿಕೆಯ ಮ್ಯಾನೇಜರೋ ಬೆಳಗಿನ ಬಾಗಿಲು ತೆಗೆದು, ಮಾಲೀಕರು ಎಂಟಕ್ಕೆ ಬಂದರೆ ವ್ಯಾಪಾರ ನಿಲ್ಲುವುದಿಲ್ಲ. ಇದನ್ನು ನಾವು ಗಟ್ಟಿಯಾಗಿಯೇ ಹೇಳುತ್ತೇವೆ: ಒಂದು ಪಾಳಿ ಬಿಟ್ಟುಕೊಡದ ಮಾಲೀಕನಿಗೆ ಉಳಿದ ಉಪಾಯಗಳಿಂದ ಸಿಗುವ ಲಾಭ ಅಷ್ಟಕ್ಕಷ್ಟೆ.

ಅದು ಕೂಡಲೇ ಸಾಧ್ಯವಾಗದವರಿಗೆ ಮಧ್ಯಾಹ್ನದ ಸಣ್ಣ ನಿದ್ರೆ ಇದೆ. ಅಮೆರಿಕಾದ ನಾಸಾದವರು ದೂರದ ವಿಮಾನಗಳ ಪೈಲಟರಿಗೆ 40 ನಿಮಿಷ ಬಿಡುವು ಕೊಟ್ಟು ನೋಡಿದರು. ಅವರು ನಿದ್ರಿಸಿದ್ದು ಸರಾಸರಿ 26 ನಿಮಿಷ. ನಿದ್ರಿಸದವರಿಗಿಂತ ಅವರು ಕೆಲಸದಲ್ಲಿ ಚುರುಕಾಗಿದ್ದರು. ನಾವು ಮೂರೂವರೆಯಿಂದ ನಾಲ್ಕರೊಳಗೆ ಮೊಬೈಲಿನಲ್ಲಿ ಇಪ್ಪತ್ತು ನಿಮಿಷದ ಅಲಾರಂ ಇಟ್ಟು, ಸ್ಟೋರ್ ರೂಮಿನಲ್ಲಿ ಒಂದು ಚಾಪೆ ಹಾಸಿ ಮಲಗುವ ಪದ್ಧತಿ ಮಾಡಿಕೊಂಡಿದ್ದೇವೆ. ಅರ್ಧ ಗಂಟೆ ಮೀರಿದರೆ ಗಾಢ ನಿದ್ರೆಗೆ ಹೋಗಿ, ಎದ್ದಮೇಲೆ ಮತ್ತಷ್ಟು ಮಂಕು. ಗಲ್ಲಾದಲ್ಲೇ ಕತ್ತು ಬಾಗಿಸಿ ತೂಕಡಿಸುವುದು ನಿದ್ರೆಯ ಲೆಕ್ಕಕ್ಕೆ ಸೇರುವುದಿಲ್ಲ, ಕತ್ತುನೋವಿನ ಲೆಕ್ಕಕ್ಕೆ ಸೇರುತ್ತದೆ.

ಕ್ಯಾಟರಿಂಗ್ ಮಾಡುವ ಬಂಧುಗಳಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಮದುವೆ ಸೀಸನಿನಲ್ಲಿ ಹಾಲಿನಿಂದ ಪಾತ್ರೆ ತುಂಬಿಕೊಂಡು ರಾತ್ರಿ ಎರಡು ಗಂಟೆಗೆ ಟೆಂಪೋ ಹೊರಡುತ್ತದೆ. ಡ್ರೈವರ್ ಬೆಳಿಗ್ಗೆ ಐದಕ್ಕೆ ಎದ್ದವನು, ಪಕ್ಕದಲ್ಲಿ ಕೂತ ನಾವೂ ಹಾಗೆಯೇ. 2000ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ, 17ರಿಂದ 19 ಗಂಟೆ ಸತತ ಎಚ್ಚರವಿದ್ದವರ ಕೈ ಮತ್ತು ಬುದ್ಧಿಯ ವೇಗ 100 ಮಿಲಿ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇದ್ದವರಷ್ಟೇ, ಕೆಲವು ಪರೀಕ್ಷೆಗಳಲ್ಲಿ ಅದಕ್ಕಿಂತಲೂ ಕಡಿಮೆ ಇತ್ತು. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ 30 ಮಿಲಿಗ್ರಾಂ ಮೀರಿದರೇ ಕೇಸು. ಅಂದರೆ ಒಂದು ಹನಿ ಕುಡಿಯದ ನಮ್ಮ ಡ್ರೈವರ್, ಕುಡಿದು ಓಡಿಸುವವನಿಗೆ ಸಮ. ಬಡಿಸುವ ಹೊತ್ತಿನಲ್ಲಿ ಡ್ರೈವರನಿಗೆ ಬೇರೆ ಕೆಲಸ ಹೇಳದೆ ಎರಡು ಗಂಟೆ ಮಲಗಲು ಬಿಡಬೇಕು. ಇಲ್ಲವಾದರೆ ಪಾತ್ರೆಗಳನ್ನು ಬೆಳಿಗ್ಗೆ ತರಿಸಬೇಕು. ಹಾಲಿನವರು ಅದಕ್ಕೆ ಬಾಡಿಗೆ ಕೇಳಿದರೂ ಕೊಡುವುದು ಲೇಸು.

ಇನ್ನೊಂದು ವಿಷಯ. ಜೋರಾಗಿ ಗೊರಕೆ ಹೊಡೆದು, ನಡುನಡುವೆ ಉಸಿರು ನಿಂತಂತಾಗಿ, ಎಂಟು ಗಂಟೆ ಮಲಗಿದರೂ ಹಗಲು ತೂಕಡಿಸುವವರು ನಮ್ಮಲ್ಲಿ ಇದ್ದಾರೆ. ಅದು ಸುಖನಿದ್ರೆಯ ಗುರುತಲ್ಲ. ಸ್ಲೀಪ್ ಆಪ್ನಿಯಾ ಎಂಬ ತೊಂದರೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಗೊರಕೆಯ ಬಗ್ಗೆ ಮನೆಯವರು ಹೇಳುವುದನ್ನು ನಂಬಬೇಕು.

ಕಾಲಿಗೆ ಕೆಲಸ

ಗಲ್ಲಾದವರು ಕೂತೇ ಸೋಲುತ್ತಾರೆ, ಒಳಗಿನವರು ನಿಂತೇ ಸೋಲುತ್ತಾರೆ. ಮೀನಖಂಡ ಆಡಿದರೆ ಮಾತ್ರ ಕಾಲಿನ ರಕ್ತ ಮೇಲಕ್ಕೆ ಹೋಗುವುದು. ಕೂತಲ್ಲೇ, ನಿಂತಲ್ಲೇ ಗಂಟೆಗೊಮ್ಮೆ ಹಿಮ್ಮಡಿ ಇಪ್ಪತ್ತು ಸಲ ಎತ್ತಿ ಇಳಿಸಿದರೆ ಕಾಲಿನ ಭಾರ ಇಳಿಯುತ್ತದೆ. ದೋಸೆ ಭಟ್ಟರ ಕಾಲಡಿಗೆ ಒಂದು ದಪ್ಪ ರಬ್ಬರ್ ಮ್ಯಾಟ್ ಹಾಕಿಸುವುದು ಒಂದು ಸಲದ ಖರ್ಚು. ಊಟವಾದಮೇಲೆ ಹತ್ತು ನಿಮಿಷ ಹೋಟೆಲಿನ ಹೊರಗೆ ನಡೆದು ಬರಬೇಕು. ಊಟದ ನಂತರದ ನಡಿಗೆ ರಕ್ತದ ಸಕ್ಕರೆಯನ್ನು ಇಳಿಸುತ್ತದೆ. ಬೆಳಕು ಮೂಡುವ ಮೊದಲು ಒಳಗೆ ಹೊಕ್ಕು ಕತ್ತಲಾದಮೇಲೆ ಹೊರಗೆ ಬರುವ ನಮಗೆ ಬಿಸಿಲು ಕಂಡ ಹಾಗೂ ಆಗುತ್ತದೆ. ಜಿಮ್ಮಿಗೆ ಹೋಗುವವರು ಹೋಗಲಿ, ಸಂತೋಷ.

ರಕ್ತ ಪರೀಕ್ಷೆ

ಇಷ್ಟೆಲ್ಲ ಮಾಡಿ ಒಂದು ತಿಂಗಳಾದರೂ ದಣಿವು ಇಳಿಯದಿದ್ದರೆ ಅದು ಮೂರನೆಯ ಬಗೆಯದು. ಟಾನಿಕ್, ಟಿವಿಯಲ್ಲಿ ತೋರಿಸುವ ಶಕ್ತಿ ಪುಡಿ, ಡಬ್ಬಿಯ ಎನರ್ಜಿ ಡ್ರಿಂಕು ಇವುಗಳಿಗೆ ಹಣ ಹಾಕುವ ಮೊದಲು ಲ್ಯಾಬಿಗೆ ಹಾಕಬೇಕು. ಎನರ್ಜಿ ಡ್ರಿಂಕಿನಲ್ಲಿ ಮುಖ್ಯವಾಗಿ ಇರುವುದು ಕೆಫೀನು, ಹೆಚ್ಚಿನವುಗಳಲ್ಲಿ ಸಕ್ಕರೆ. ನಮ್ಮ ಕಟಿಂಗಿನಲ್ಲಿ ಇರುವುದೂ ಅವೆರಡೇ, ಅದೂ ಅಗ್ಗಕ್ಕೆ.

ಡಾಕ್ಟರರನ್ನು ಕೇಳಿ ಮಾಡಿಸಬೇಕಾದವು ಹೆಚ್ಚೇನಿಲ್ಲ. ಹಿಮೋಗ್ಲೋಬಿನ್ ಗಂಡಸರಲ್ಲಿ 13, ಹೆಂಗಸರಲ್ಲಿ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57 ಶೇಕಡಾ, ಗಂಡಸರಲ್ಲಿ 25 ಶೇಕಡಾ ಜನರಿಗೆ ಇದು ಕಂಡುಬಂದಿದೆ. ಮೂರು ತಿಂಗಳ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.5 ಅಥವಾ ಮೇಲಿದ್ದರೆ ಡಯಾಬಿಟೀಸ್, 5.7ರಿಂದ 6.4ರವರೆಗೆ ಎಚ್ಚರಿಕೆಯ ಗಂಟೆ. ಥೈರಾಯ್ಡಿನ ಟಿಎಸ್‌ಎಚ್ ಒಂದು. ಮತ್ತೆ ಬಿ-12. ಈ ವಿಟಮಿನು ಸ್ವಾಭಾವಿಕವಾಗಿ ಇರುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ಶುದ್ಧ ಸಸ್ಯಾಹಾರಿಗಳಲ್ಲಿ ಕಡಿಮೆಯಾಗುವುದು ಸಾಮಾನ್ಯ. ಅದರ ಮೇಲೆ ವರ್ಷಗಟ್ಟಲೆ ಆಸಿಡಿಟಿ ಮಾತ್ರೆ ನುಂಗುವವರಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಇನ್ನೂ ಇಳಿಯಬಹುದು. ಸುಸ್ತು, ಮರೆವು, ಕಾಲು ಜುಮ್ಮೆನ್ನುವುದು ಅದರ ಲಕ್ಷಣ. ಉಡುಪಿ ಹೋಟೆಲಿನ ಗಲ್ಲಾದಲ್ಲಿ ಈ ಮೂರೂ ಒಟ್ಟಿಗೆ ಇರುವವರು ಎಷ್ಟು ಜನ ಇಲ್ಲ! ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ಬಿ-12 ಪರೀಕ್ಷೆ ಮಾಡಿಸಿ ಡಾಕ್ಟರು ಹೇಳಿದ್ದನ್ನು ತೆಗೆದುಕೊಳ್ಳಬೇಕು. ದಣಿವಿನ ಜೊತೆ ಎದೆ ಹಿಡಿದಂತಾಗುವುದು, ಮೆಟ್ಟಿಲು ಹತ್ತಿದರೆ ಏದುಸಿರು, ತಣ್ಣನೆ ಬೆವರು ಇದ್ದರೆ ಶಿಬಿರಕ್ಕಾಗಿ ಕಾಯದೆ ಆ ಹೊತ್ತೇ ಆಸ್ಪತ್ರೆ.

ಹುಡುಗರ ವಿಷಯದಲ್ಲಿ ಒಂದು ಅನುಕೂಲ ನಮಗೆ ಮೊದಲೇ ಇದೆ. ಆಹಾರ ಮುಟ್ಟುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಬೇಕೆಂದು ಎಫ್‌ಎಸ್‌ಎಸ್‌ಎಐ ನಿಯಮ ಇದೆ. ಇನ್ಸ್‌ಪೆಕ್ಟರ್ ಕೇಳಿದಾಗ ತೋರಿಸಲು ಸರ್ಟಿಫಿಕೇಟ್ ಮಾಡಿಸಿ ಫೈಲಿಗೆ ಹಾಕುತ್ತೇವೆ. ಹೇಗೂ ಡಾಕ್ಟರ ಬಳಿ ಕಳಿಸುವಾಗ ಹಿಮೋಗ್ಲೋಬಿನ್, ಸಕ್ಕರೆ ಎರಡು ಪರೀಕ್ಷೆ ಸೇರಿಸಬಹುದು. ಮಾಲೀಕರೂ ಅದೇ ದಿನ ಹುಡುಗರ ಸಾಲಿನಲ್ಲಿ ನಿಂತು ರಕ್ತ ಕೊಡಬೇಕು. ಅಣ್ಣ ಕೊಟ್ಟರು ಎಂದರೆ ಹೆದರುವ ಹುಡುಗನೂ ಕೈ ಚಾಚುತ್ತಾನೆ. ಹತ್ತು ಹದಿನೈದು ಹೋಟೆಲಿನವರು ಒಟ್ಟಾಗಿ ಹೇಳಿದರೆ ಲ್ಯಾಬಿನವರು ಬೆಳಿಗ್ಗೆ ಹೋಟೆಲಿಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ, ದರದಲ್ಲೂ ರಿಯಾಯಿತಿ ಸಿಗುತ್ತದೆ. ನಮ್ಮ ಏರಿಯಾದಲ್ಲಿ ಮಳೆಗಾಲ ಶುರುವಾಗಿ ವ್ಯಾಪಾರ ತಣ್ಣಗಿರುವಾಗ ಹೀಗೆ ಮಾಡಿಸುತ್ತೇವೆ. ಖಾಲಿ ಹೊಟ್ಟೆಯಲ್ಲಿ ಕೊಡಬೇಕಾದ ಪರೀಕ್ಷೆ ಇದ್ದರೆ ಬೆಳಗಿನ ಚಹಾ ಕೂಡ ಕುಡಿದಿರಬಾರದು ಎಂದು ಹಿಂದಿನ ರಾತ್ರಿಯೇ ಎಲ್ಲರಿಗೂ ಹೇಳಿಡಬೇಕು.